ನಾಲ್ಕನೇ ಚಳಿಗಾಲಕ್ಕೆ ಮರಿಕೋಸು ಕೈಗೆ ಬಂತು

ಬ್ರಸೆಲ್ಸ್ ಸ್ಪ್ರೌಟ್ಸ್ (ಒಂದೇ ಕಾಂಡದ ಉದ್ದಕ್ಕೂ ಪುಟ್ಟ ಪುಟ್ಟ ಕೋಸಿನ ಚೆಂಡು ಬಿಡುವ ತರಕಾರಿ) ಹಾಕ್ತೀನಿ ಅಂದಾಗ ನನ್ನ ಜೊತೆ ಕೋಸು ಬೆಳೆಯುವವರೆಲ್ಲ ಒಂದೇ ಮಾತು ಹೇಳಿದ್ದರು. ‘ಐದಾರು ತಿಂಗಳು ಜಾಗ ಹಿಡಿಯುತ್ತೆ, ಕೊನೆಗೆ ಬರೀ ಎಲೆ ಸಿಗುತ್ತೆ. ಅಷ್ಟು ಹೊತ್ತಿಗೆ ಎರಡು ಸಲ ಹೂಕೋಸು ತೆಗೀಬಹುದು.’ ಮೊದಲ ಮೂರು ವರ್ಷ ಅವರ ಮಾತೇ ನಿಜವಾಯಿತು. ಈ ಚಳಿಗಾಲ ಹಾಗಾಗಲಿಲ್ಲ. ನೆಟ್ಟ 140 ಸಸಿಯಲ್ಲಿ 125ರ ಹತ್ತಿರ ಉಳಿದವು. ಒಂದೊಂದು ಕಾಂಡಕ್ಕೆ 55-60 ಚೆಂಡು. ತೂಕ ಹಾಕಿ ನೋಡಿದ ಗಿಡಗಳಲ್ಲಿ ಸುಮಾರು 900 ಗ್ರಾಂ ಬಂತು. ಅವತ್ತು ಬೇಡ ಅಂದವರೇ ಈಗ ಕಾಂಡ ಕೈಯಲ್ಲಿ ಹಿಡಿದು ಬೀಜ ಯಾವುದು ಅಂತ ಕೇಳುತ್ತಿದ್ದಾರೆ.

ಮನೇಲಿ ನಾವು ಇದನ್ನ ಮರಿಕೋಸು ಅಂತೀವಿ, ಇಲ್ಲೂ ಹಾಗೇ ಬರೀತೀನಿ. ಸಸಿ ಎಬ್ಬಿಸೋದು, ನೀರು, ಕಳೆ ಇದೆಲ್ಲ ಕೋಸು ಬೆಳೆದವರಿಗೆ ಗೊತ್ತಿರೋದೇ. ಅದನ್ನು ಬಿಡುತ್ತೇನೆ.

ಮೊದಲ ವರ್ಷ ‘ಲಾಂಗ್ ಐಲೆಂಡ್ ಇಂಪ್ರೂವ್ಡ್’ ತಂದೆ. ಹಳೇ ತಳಿ, ಬೀಜ ಅಗ್ಗ. ನಾಟಿ ಮಾಡಿದ 90-100 ದಿನಕ್ಕೆ ಕಟಾವು ಅಂತ ಪೊಟ್ಟಣದ ಮೇಲಿತ್ತು. ಬೇಗ ನೆಟ್ಟರೆ ಬೇಗ ಕೈಗೆ ಬರುತ್ತೆ ಅಂತ ಬಿಸಿಲು ಇನ್ನೂ ಜೋರಾಗಿದ್ದಾಗಲೇ ನೆಟ್ಟೆ. ಗಿಡ ಚೆನ್ನಾಗೇ ಬಂತು. ಆದರೆ ಚೆಂಡು ಕಟ್ಟುವ ಹೊತ್ತಿಗೆ ಹಗಲು 27-28 ಡಿಗ್ರಿ ಇತ್ತು. ಎಲೆ ಕಂಕುಳಲ್ಲಿ ಹುಟ್ಟಿದ ಮೊಗ್ಗು ಬಿಗಿಯಾಗಲೇ ಇಲ್ಲ, ಪುಟ್ಟ ಗುಲಾಬಿಯ ಹಾಗೆ ಬಿಚ್ಚಿಕೊಂಡವು. ಬೆರಳಲ್ಲಿ ಒತ್ತಿದರೆ ಹತ್ತಿ ಒತ್ತಿದ ಹಾಗೆ ಒಳಗೆ ಹೋಗುತ್ತಿತ್ತು. ಕೊಳ್ಳುವವರು ಬುಟ್ಟಿಯನ್ನು ಒಂದು ಸಲ ನೋಡಿ ಹಿಂದಕ್ಕೆ ತಳ್ಳಿದರು. ಬೀಜ, ಗೊಬ್ಬರ, ಬಲೆ ಎಲ್ಲ ಸೇರಿ ಹಾಕಿದ ದುಡ್ಡಲ್ಲಿ ಕಾಲು ಭಾಗವೂ ವಾಪಸ್ ಬರಲಿಲ್ಲ.

ಎರಡನೇ ವರ್ಷ ಬಿಸಿ ತಪ್ಪಿಸೋಣ ಅಂತ ಆರೇಳು ವಾರ ತಡ ಮಾಡಿದೆ. ಹಿಮ (ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿ ಕೂರೋದು) ಬೀಳುವ ಹೊತ್ತಿಗೆ ಕಾಂಡ ಮೊಣಕಾಲೆತ್ತರ, ಚೆಂಡು ಕಡಲೆಕಾಳಿನಷ್ಟು. ಚಳಿ ಜಾಸ್ತಿಯಾಗಿ ಹಗಲು ಚಿಕ್ಕದಾದ ಮೇಲೆ ಈ ಗಿಡ ಸಾಯಲ್ಲ, ಆದರೆ ಬೆಳೆಯೋದೂ ಇಲ್ಲ. ಸುಮ್ನೆ ನಿಂತುಬಿಡುತ್ತೆ. ಎರಡು ತಿಂಗಳು ಕಾದೆ. ಬಿಸಿ ಏರಿದ್ದೇ ತಡ, ಹೂದಂಟು ಎದ್ದಿತು. ಆ ವರ್ಷ ಮಾರಿದ್ದು ಸೊನ್ನೆ.

ಆಗ ಲೆಕ್ಕವನ್ನು ಹಿಂದಿನಿಂದ ಹಾಕಲು ಶುರು ಮಾಡಿದೆ. ಬಿತ್ತನೆಗೆ ಒಳ್ಳೆ ದಿನ ಯಾವುದು ಅಂತ ಯೋಚಿಸೋದನ್ನೇ ಬಿಟ್ಟೆ. ನೆಲದ ಮೇಲೆ ಬಿಳಿ ಹಿಮ ಕಾಣುವ ಮೊದಲ ವಾರ ಯಾವುದು ಅಂತ ಕೆಲವು ವರ್ಷಗಳ ನೆನಪಿನಿಂದ ಗುರುತು ಹಾಕಿಕೊಂಡೆ. ಅಲ್ಲಿಂದ ಸುಮಾರು 20 ವಾರ ಹಿಂದಕ್ಕೆ ಎಣಿಸಿ ಬೀಜ ಹಾಕಿದೆ. ಟ್ರೇಯಲ್ಲಿ 5 ವಾರ, ಆಮೇಲೆ ನಾಟಿ. 120 ದಿನದ ತಳಿಯಾದರೆ ಹಿಮ ಬಿದ್ದು ಎರಡು ವಾರಕ್ಕೆ ಕೊಯ್ಲು ಶುರು. ಇದರಲ್ಲಿ ಮುಖ್ಯ ವಿಷಯ ಒಂದೇ. ಗಿಡದ ಎತ್ತರವೆಲ್ಲ ಬಿಸಿ ಇರುವಾಗಲೇ ಮುಗಿದಿರಬೇಕು. ಚೆಂಡು ಊದಿಕೊಳ್ಳುವ ಕೆಲಸ 15 ಡಿಗ್ರಿ ಆಸುಪಾಸಿನ ಹಗಲಲ್ಲಿ ಆಗಬೇಕು. ಹಿಮ ಬಿದ್ದಾಗ ಚೆಂಡಿಗೆ ಆಗಲೇ ಗಾತ್ರ ಬಂದಿರಬೇಕು. ಹಿಮ ರುಚಿ ಕೊಡುತ್ತೆ, ಗಾತ್ರ ಕೊಡಲ್ಲ.

ತಳಿಯಲ್ಲಿ ನಾನು ನಿಂತಿದ್ದು ‘ನಾಟಿಕ್’ ಹೈಬ್ರಿಡ್ ಮೇಲೆ. ಬೀಜ ದುಬಾರಿ. ಹಳೇ ತಳಿಯ ಬೀಜಕ್ಕೆ ಹೋಲಿಸಿದರೆ ಒಂದೊಂದು ಕಾಳಿಗೆ ಎಂಟು-ಹತ್ತು ಪಟ್ಟು ಬಿತ್ತು. ಆದರೂ ತಗೊಳ್ಳಿ ಅಂತೀನಿ. ಕಾಂಡದ ಮೇಲೆ ಚೆಂಡುಗಳ ನಡುವೆ ಸಂದು ಇರುತ್ತೆ. ಬೆರಳು ಹೋಗುತ್ತೆ, ಗಾಳಿ ಆಡುತ್ತೆ, ಕೊಳೆ ಕಡಿಮೆ. ಪಕ್ಕದಲ್ಲೇ ‘ಡಯಾಬ್ಲೊ’ 30 ಗಿಡ ಇತ್ತು. ಅದೂ ಒಳ್ಳೆಯದೇ, ಆದರೆ ಎತ್ತರ ಹೋಗುತ್ತೆ, ಗಾಳಿಗೆ ಊರುಗೋಲು ಬೇಕೇ ಬೇಕು. ಆಸೆಗೆ ‘ರೂಬೈನ್’ ಕೆಂಪು ತಳಿ ಒಂದು ಹತ್ತು ನೆಟ್ಟಿದ್ದೆ. ನೋಡೋಕೆ ತುಂಬಾ ಚೆಂದ. ಇಳುವರಿ ಹಸಿರಿನ ಅರ್ಧ. ಮಾರೋಕೆ ಬೆಳೆಯುವವರು ಅದರ ಹತ್ತಿರ ಹೋಗಬೇಡಿ.

ಕಹಿ ಅಂತ ಯಾರೂ ಕೊಳ್ಳಲ್ಲ ಅನ್ನೋ ಮಾತೂ ಕೇಳಿದ್ದೆ. ಅದು ಹಳೇ ಮಾತು. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ವಾನ್ ಡೋರ್ನ್ ಈ ಕಹಿಗೆ ಸಿನಿಗ್ರಿನ್, ಪ್ರೊಗೊಯ್ಟ್ರಿನ್ ಅನ್ನೋ ಎರಡು ವಸ್ತು ಕಾರಣ ಅಂತ ಗುರುತಿಸಿದರು. ಆಮೇಲೆ ಬೀಜ ಕಂಪನಿಗಳು ಇವು ಕಡಿಮೆ ಇರುವ ಹಳೇ ತಳಿಗಳನ್ನು ಹುಡುಕಿ, ಜಾಸ್ತಿ ಇಳುವರಿಯ ತಳಿಗಳ ಜೊತೆ ಕೂಡಿಸಿದವು. ಈಗಿನ ಹೈಬ್ರಿಡ್‌ಗಳಲ್ಲಿ ಆ ಕಹಿ ತುಂಬಾ ಕಡಿಮೆ. ಅದರ ಮೇಲೆ ಎರಡು-ಮೂರು ರಾತ್ರಿ ಹಿಮ ಬಿದ್ದರೆ ಗಿಡ ಒಳಗೆ ಸಕ್ಕರೆ ಕೂಡಿಟ್ಟುಕೊಳ್ಳುತ್ತೆ. ಹಿಮಕ್ಕೆ ಮುಂಚೆ ಕಿತ್ತ ಚೆಂಡು, ಆಮೇಲೆ ಕಿತ್ತ ಚೆಂಡು ಎರಡನ್ನೂ ಹಸಿಯಾಗೇ ಕಚ್ಚಿ ನೋಡಿ. ಒಂದೇ ಗಿಡದ್ದು ಅಂತ ನಂಬೋಕೆ ಆಗಲ್ಲ.

ಮೂರನೇ ವರ್ಷ ಲೆಕ್ಕ ಸರಿ ಇತ್ತು, ತಳಿ ಸರಿ ಇತ್ತು, ಆದರೂ ಸೋತೆ. ಅದು ಗೊಬ್ಬರದ ತಪ್ಪು. ಗಿಡ ದೊಡ್ಡದಾಗಲಿ ಅಂತ ಚೆಂಡು ಕಟ್ಟುವಾಗಲೂ ಯೂರಿಯಾ ಕೊಡ್ತಾನೇ ಇದ್ದೆ. ಎಲೆ ಆನೆ ಕಿವಿಯಷ್ಟಾಯಿತು, ಚೆಂಡು ಸಡಿಲ. ಮೇಲೆ ಭಾರ, ಕೆಳಗೆ ನೆಲ ಮೆತ್ತಗೆ. ಒಂದು ರಾತ್ರಿಯ ಗಾಳಿಗೆ ಮೂರನೇ ಒಂದು ಭಾಗ ಮಲಗಿತು. ಬಿದ್ದ ಕಾಂಡ ಸೀಳಿ ನೋಡಿದರೆ ಒಳಗೆ ಟೊಳ್ಳು, ಕಂದು ಗೆರೆ. ಅದು ಬೋರಾನ್ ಅನ್ನೋ ಪೋಷಕಾಂಶದ ಕೊರತೆ. ಆ ವರ್ಷ ಹಾಕಿದ ದುಡ್ಡಲ್ಲಿ ಅರ್ಧ ಬಂತು. ಅದೂ ಕೆಲವು ಗಿಡ ಚೆನ್ನಾಗಿ ಬಂದಿದ್ದರಿಂದ.

ಈ ಸಲ ಯೂರಿಯಾ ನಾಟಿಯಾದ ಆರನೇ ವಾರಕ್ಕೇ ನಿಲ್ಲಿಸಿದೆ. ಬೋರಾನ್ ಸಿಗಲಿ ಅಂತ ಬೋರಾಕ್ಸ್ ಮೊದಲೇ ನೀರಲ್ಲಿ ಕರಗಿಸಿ ಮಣ್ಣಿಗೆ ಹಾಕಿದೆ, ಹತ್ತು ಚದರ ಮೀಟರಿಗೆ ಒಂದು ಚಿಕ್ಕ ಚಮಚದಷ್ಟೇ. ಜಾಸ್ತಿಯಾದರೆ ಅದೇ ವಿಷ. ಕ್ಲಬ್ ರೂಟ್ (ಬೇರು ಗಂಟುಗಟ್ಟುವ ರೋಗ) ಭಯಕ್ಕೆ ಸುಣ್ಣ ಹಾಕಿ ಮಣ್ಣಿನ ಹುಳಿ ತಗ್ಗಿಸಿ ಪಿಎಚ್ 7 ದಾಟಿಸಿದೆ. ಸಸಿಯಿಂದ ಸಸಿಗೆ 60 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 75. ಸಾಲು ಇಕ್ಕಟ್ಟು ಮಾಡಿ ಗಿಡ ಜಾಸ್ತಿ ಕೂರಿಸುವ ಆಸೆ ಬೇಡ. ಕೆಳಗಿನ ಚೆಂಡಿಗೆ ಬೆಳಕು ಸಿಗದೆ ಹಳದಿಯಾಗಿ ಉದುರುತ್ತೆ.

ನೆಲ ತುಳಿಯೋದನ್ನು ಮಾತ್ರ ಯಾರಿಗೂ ಬಿಡಲಿಲ್ಲ. ನಾನೇ ತುಳಿದೆ. ಸಸಿ ನೆಟ್ಟ ಮೇಲೆ ಹಿಮ್ಮಡಿಯಿಂದ ಸುತ್ತಲೂ ಗಟ್ಟಿಯಾಗಿ ಒತ್ತಬೇಕು. ಎಲೆಯೊಂದನ್ನು ಹಿಡಿದು ಎಳೆದರೆ ಎಲೆ ಹರಿದು ಬರಬೇಕು, ಸಸಿ ಅಲ್ಲಾಡಬಾರದು. ಒಂದು ಸಾಲನ್ನು ಬೇಕಂತಲೇ ಮೆತ್ತಗೆ ಬಿಟ್ಟಿದ್ದೆ. ಅದೇ ಸಾಲಲ್ಲಿ ಗಿಡ ಹೆಚ್ಚು ವಾಲಿತು, ಚೆಂಡೂ ಸಡಿಲ. ಒಂದು ತಿಂಗಳಾದ ಮೇಲೆ ಬುಡಕ್ಕೆ ಮಣ್ಣು ಏರಿಸಿದೆ.

ಎಲೆ ತೆಗೆಯೋದರಲ್ಲೂ ಒಂದು ಪರೀಕ್ಷೆ ಮಾಡಿದೆ. ಐದು ಗಿಡದಲ್ಲಿ ಕೆಳಗಿನ ಅರ್ಧ ಎಲೆ ಪೂರ್ತಿ ಕತ್ತರಿಸಿದೆ, ಬೆಳಕು ಬೀಳಲಿ ಅಂತ. ಚೆಂಡು ಚಿಕ್ಕದಾಗೇ ಉಳಿದವು. ಒಂದೊಂದು ಚೆಂಡಿಗೂ ಅದರ ಕೆಳಗಿನ ಎಲೆಯೇ ಊಟ ಹಾಕೋದು. ಈಗ ಹಳದಿಯಾದ ಎಲೆ ಮಾತ್ರ ಮುರಿಯುತ್ತೇನೆ.

ಗಿಡದ ತುದಿಯ ಕುಡಿ ಚಿವುಟಬೇಕಾ ಬೇಡವಾ ಅಂತ ಬೆಳೆಯುವವರಲ್ಲಿ ಜಗಳವೇ ನಡೆಯುತ್ತೆ. ನಾನು ಎರಡೂ ಮಾಡಿದೆ. ಅರ್ಧ ಗಿಡಕ್ಕೆ ಕೆಳಗಿನ ಚೆಂಡು ಎರಡು ಸೆಂಟಿಮೀಟರ್ ಆದಾಗ ತುದಿ ಚಿವುಟಿದೆ. ನಾಲ್ಕು ವಾರದಲ್ಲಿ ಮೇಲಿಂದ ಕೆಳಗೆ ಒಂದೇ ಗಾತ್ರ ಬಂತು. ಇಡೀ ಕಾಂಡವನ್ನೇ ಕಡಿದು ಮಾರಿದೆ, ಬಿಡಿಸುವ ಕೂಲಿ ಉಳಿಯಿತು. ಉಳಿದರ್ಧದ ತುದಿ ಮುಟ್ಟಲಿಲ್ಲ. ಮೇಲಿನ ಎಲೆಯ ಕೊಡೆ ಇದ್ದರೆ ಕಡು ಚಳಿ ಚೆನ್ನಾಗಿ ತಡೆಯುತ್ತೆ. ಮೈನಸ್ 7ರ ಒಂದು ರಾತ್ರಿ ಚಿವುಟಿದ ಗಿಡಗಳ ತುದಿ ಚೆಂಡು ಕಪ್ಪಾದವು, ಚಿವುಟದವು ಹಾಗೇ ಇದ್ದವು. ಹಾಗಾಗಿ ಬೇಗ ಮಾರುವುದಕ್ಕೆ ಚಿವುಟಿ, ಕೊನೆಯವರೆಗೆ ಹೊಲದಲ್ಲಿ ನಿಲ್ಲಿಸುವುದಕ್ಕೆ ಬಿಡಿ. ಚಿವುಟುವ ದಿನ ಹಿಡಿಯೋಕೆ ಎಲೆಯ ಮೇಲೆ ನನಗೊಂದು ಗುರುತು ಸಿಕ್ಕಿದೆ. ಇನ್ನೊಂದು ಚಳಿಗಾಲ ನೋಡಿಕೊಂಡು ಹೇಳುತ್ತೇನೆ.

ದುಡ್ಡು ತಿನ್ನೋದು ಹೇನು. ಬೂದಿ ಬಣ್ಣದ ಕೋಸಿನ ಹೇನು ಚೆಂಡಿನ ಮಡಿಕೆಯೊಳಗೆ ಹೊಕ್ಕರೆ ಮುಗಿಯಿತು. ಹೊರಗೆ ಹಸಿರಾಗಿ ಹೊಳೆಯುತ್ತೆ, ಎರಡು ಪದರ ಬಿಡಿಸಿದರೆ ಒಳಗೆ ಬೂದಿ ಚೆಲ್ಲಿದ ಹಾಗೆ. ಬಲೆ ಚಿಟ್ಟೆ, ಪತಂಗ, ಪಾರಿವಾಳ ತಡೆಯಿತು, ಹೇನನ್ನು ತಡೆಯಲಿಲ್ಲ. ಬೂದಿ ಎರಚಿ ನೋಡಿದೆ, ಮಳೆಗೆ ತೊಳೆದು ಹೋಯಿತು. ಚೆಂಡು ಬಟಾಣಿಯಷ್ಟಿರುವಾಗಲೇ ವಾರಕ್ಕೊಮ್ಮೆ ಎಲೆ ಹಿಂಬದಿಗೆ ಸಾಬೂನು ನೀರು ಹೊಡೆದದ್ದು ಕೆಲಸ ಮಾಡಿತು. ಅದಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊಯ್ಲು ಕೆಳಗಿನಿಂದ ಮೇಲಕ್ಕೆ. ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿದರೆ ಟಪ್ ಅಂತ ಮುರಿಯುತ್ತೆ. ಹೆಪ್ಪುಗಟ್ಟಿರುವಾಗ ಮಾತ್ರ ಮುಟ್ಟಬೇಡಿ. ಒಂದು ಬೆಳಗ್ಗೆ ಅವಸರದಲ್ಲಿ ಕಿತ್ತ ಬುಟ್ಟಿ ಮಧ್ಯಾಹ್ನಕ್ಕೆ ಕಲೆ ಕಲೆಯಾಯಿತು. ಬಿಸಿಲು ಬಂದು ಹಿಮ ಕರಗಲಿ, ಆಮೇಲೆ ಕೀಳಿ.

ಈ ವರ್ಷ ಹಾಕಿದ ದುಡ್ಡು ವಾಪಸ್ ಬಂದು, ಅದರ ಮೇಲೆ ಅಷ್ಟೇ ಉಳಿಯಿತು. ಹಿಂದಿನ ಮೂರು ವರ್ಷದ ನಷ್ಟದಲ್ಲಿ ಒಂದು ಭಾಗ ತೀರಿತು. ಹೊಲದಲ್ಲಿ ಚಿವುಟದ ಗಿಡ ಇನ್ನೂ ಹದಿನೆಂಟು ನಿಂತಿವೆ. ಎರಡನ್ನು ಬೇರು ಸಮೇತ ಕಿತ್ತು ತಣ್ಣನೆ ಕೋಣೆಯಲ್ಲಿ ತಲೆಕೆಳಗೆ ನೇತು ಹಾಕಿದ್ದೇನೆ, ಎಷ್ಟು ದಿನ ಬಾಳುತ್ತೆ ನೋಡಬೇಕು. ಮೂರು ವಾರ ಆಯಿತು, ಚೆಂಡು ಇನ್ನೂ ಬಿಗಿಯಾಗೇ ಇದೆ.