ಖಳನ ಬದುಕಿನ ಕ್ರಮದಲ್ಲಿ ಕಥೆಯನ್ನು ಬರೆದುಕೊಂಡು ನೋಡಿದಾಗ

ಚಿತ್ರಕಥೆ ಬರೆಯುವಾಗ ನಾಯಕನಿಗಿಂತ ಖಳನಾಯಕನೇ ನನ್ನ ಹೆಚ್ಚು ಸಮಯವನ್ನು ತೆಗೆದುಕೊಳ್ಳುತ್ತಾನೆ. ಸೂಪರ್‌ಹೀರೊ ಚಿತ್ರಗಳ ಕೆಲವು ಖಳರ ಬಗ್ಗೆ ಪ್ರೇಕ್ಷಕರಿಗೆ ಮರುಕ ಏಕೆ ಹುಟ್ಟುತ್ತದೆ ಎಂಬುದನ್ನು ತಿಳಿಯಲು ನಾನು ಅನುಸರಿಸಿದ ಕ್ರಮ ಇಷ್ಟೇ: ಚಿತ್ರವನ್ನು ನೋಡಿದ ಮೇಲೆ ಅದರ ಘಟನೆಗಳನ್ನು ಖಳನ ಬದುಕಿನಲ್ಲಿ ನಡೆದ ಅನುಕ್ರಮದಲ್ಲಿ ಬರೆದುಕೊಂಡು, ಅವನಿಗಾದ ನೋವು ಯಾವುದು, ಆ ನೋವಿನಿಂದ ಹುಟ್ಟಿದ ಬೇಡಿಕೆ ಯಾವುದು, ಆ ಬೇಡಿಕೆಗಾಗಿ ಅವನು ಹಿಡಿದ ದಾರಿ ಯಾವುದು ಎಂದು ಬಿಡಿಸಿ ನೋಡುವುದು. ಈ ಮೂರನ್ನೂ ಒಂದೇ ಎಂದು ಎಣಿಸಿದರೆ ಖಳನು ಬರೀ ಸೇಡಿನ ಮನುಷ್ಯನಾಗಿ ಕಾಣುತ್ತಾನೆ.

'ಬ್ಲ್ಯಾಕ್ ಪ್ಯಾಂಥರ್' (2018) ಚಿತ್ರದ ಕಿಲ್‌ಮಾಂಗರ್‌ನ ಕಥೆಯನ್ನು ಹೀಗೆ ಬರೆದುಕೊಂಡಾಗ ಅದು ಆಫ್ರಿಕಾದ ಕಾಲ್ಪನಿಕ ದೇಶವಾದ ವಕಾಂಡಾದಲ್ಲಿ ಅಲ್ಲ, 1992ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನ ಒಂದು ಮನೆಯಲ್ಲಿ ಆರಂಭವಾಯಿತು. ಅಲ್ಲಿ ಅವನ ತಂದೆ ಎನ್‌ಜೋಬುವನ್ನು ಸ್ವಂತ ಅಣ್ಣನಾದ ವಕಾಂಡಾದ ರಾಜ ಟಿಚಾಕಾ ಕೊಲ್ಲುತ್ತಾನೆ. ಗುಟ್ಟು ಹೊರಬೀಳಬಾರದೆಂದು ಹುಡುಗನನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ನೋವು ಇದು. ಜಗತ್ತಿನ ಕಪ್ಪು ಜನರು ನರಳುತ್ತಿರುವಾಗ ವಕಾಂಡಾ ತನ್ನ ಸಂಪತ್ತನ್ನೂ ಶಕ್ತಿಯನ್ನೂ ಏಕೆ ಬಚ್ಚಿಟ್ಟುಕೊಂಡಿದೆ ಎಂಬುದು ಅವನ ಬೇಡಿಕೆಯ ತಿರುಳು. ಅವನು ಹಿಡಿದ ದಾರಿ ವಕಾಂಡಾದ ವೈಬ್ರೇನಿಯಂ ಎಂಬ ಲೋಹದ ಆಯುಧಗಳನ್ನು ದೇಶದೇಶಗಳಿಗೆ ಕಳಿಸುವ ಯುದ್ಧ. ಇಷ್ಟು ಎಲ್ಲರಿಗೂ ಕಾಣುವಂಥದ್ದೇ. ನನ್ನನ್ನು ತಡೆದು ನಿಲ್ಲಿಸಿದ್ದು ಅವನು ವಕಾಂಡಾದ ಪಟ್ಟಕ್ಕೇರಿದ ಮೇಲೆ ರಾಜರಿಗೆಂದೇ ಇರುವ ಮೂಲಿಕೆಯ ರಸ ಕುಡಿದು ಪಿತೃಲೋಕಕ್ಕೆ ಹೋಗುವ ದೃಶ್ಯ. ಅದೇ ವಿಧಿಯಲ್ಲಿ ಟಿಚಾಕಾನ ಮಗನೂ ಚಿತ್ರದ ನಾಯಕನೂ ಆದ ಟಿಚಾಲಾನಿಗೆ ವಿಶಾಲವಾದ ಹುಲ್ಲುಗಾವಲೂ ಮರದ ಮೇಲಿನ ಚಿರತೆಗಳ ರೂಪದಲ್ಲಿ ಪೂರ್ವಜರೂ ಕಂಡಿದ್ದರೆ, ಇವನಿಗೆ ಕಾಣುವುದು ಓಕ್‌ಲ್ಯಾಂಡ್‌ನ ಅದೇ ಇಕ್ಕಟ್ಟಾದ ಮನೆ ಮತ್ತು ತಂದೆಯೊಬ್ಬನೇ. ನನಗಾಗಿ ಕಣ್ಣೀರಿಲ್ಲವೇ ಎಂದು ತಂದೆ ಕೇಳಿದರೆ, ಇಲ್ಲಿ ಸಾಯುವುದು ಸಾಮಾನ್ಯ ಎಂಬ ಅರ್ಥದ ಉತ್ತರವನ್ನು ಮಗುವಿನ ರೂಪದಲ್ಲಿರುವ ಅವನು ಕೊಡುತ್ತಾನೆ. ಪೂರ್ವಜರ ಸಾಲಿನಲ್ಲೂ ಅವನಿಗೆ ಜಾಗವಿಲ್ಲವೆಂಬುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು.

ಎಚ್ಚರಗೊಂಡ ಕೂಡಲೇ ಅವನು ಆ ಮೂಲಿಕೆಯ ತೋಟವನ್ನೇ ಸುಡಿಸುತ್ತಾನೆ. ರಾಜ್ಯವನ್ನು ತನ್ನ ನಂತರದವರಿಗೂ ಉಳಿಸಬೇಕೆನ್ನುವವನು ಮಾಡುವ ಕೆಲಸವಲ್ಲ ಇದು. ಬಾಯಲ್ಲಿ ಬೇಡಿಕೆಯ ಮಾತಿದ್ದರೂ ಕೈ ನೋವಿನ ಮಾತನ್ನೇ ಕೇಳುತ್ತಿದೆ ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿ. ಹಾಗೆಂದು ಬೇಡಿಕೆ ಸುಳ್ಳಾಗುವುದಿಲ್ಲ. ಟಿಚಾಲಾ ತನ್ನ ಪೂರ್ವಜರಿಗೇ ನೀವು ತಪ್ಪು ಮಾಡಿದಿರಿ ಎಂದು ಹೇಳುತ್ತಾನೆ. ಕೊನೆಗೆ ಎನ್‌ಜೋಬು ಸತ್ತ ಅದೇ ಕಟ್ಟಡವನ್ನು ಕೊಂಡು ಅಲ್ಲಿ ನೆರವಿನ ಕೇಂದ್ರ ತೆರೆಯಲು ಹೊರಡುತ್ತಾನೆ. ಖಳನು ಸೋತ ಮೇಲೂ ನಾಯಕನು ಅವನ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದರೆ ಆ ಖಳನ ಪ್ರೇರಣೆ ಗಟ್ಟಿಯಾದದ್ದೆಂದು ನಾನು ಅಂದಿನಿಂದ ಎಣಿಸುತ್ತೇನೆ.

ಈ ಅಳತೆಗೆ ಎಲ್ಲರೂ ನಿಲ್ಲುವುದಿಲ್ಲ. 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್' (2017) ಚಿತ್ರದ ಖಳ ಟೂಮ್ಸ್‌ಗೆ ಕಾಳಗದ ಅವಶೇಷ ತೆರವುಗೊಳಿಸುವ ಗುತ್ತಿಗೆ ಕೈತಪ್ಪಿದ್ದು ಅನ್ಯಾಯವೇ ಹೌದು, ಆದರೆ ಆ ಅನ್ಯಾಯವನ್ನು ಸರಿಪಡಿಸಿರೆಂದು ಅವನು ಯಾರನ್ನೂ ಒತ್ತಾಯಿಸುವುದಿಲ್ಲ, ಅದನ್ನು ನೆಪವಾಗಿಟ್ಟುಕೊಂಡು ಆಯುಧ ಮಾರುತ್ತಾನೆ. 'ಅವೆಂಜರ್ಸ್' ಚಿತ್ರಗಳಲ್ಲಿ ಸಮತೋಲನದ ಹೆಸರಿನಲ್ಲಿ ವಿಶ್ವದ ಅರ್ಧ ಜೀವಿಗಳನ್ನು ಅಳಿಸಿಹಾಕುವ ಥಾನೋಸ್‌ನ ಬಗ್ಗೆ ಜನರಿಗೆ ಇರುವ ಗೌರವ ನನಗೆ ಎಂದೂ ಅರ್ಥವಾಗಿಲ್ಲ. ಸಂಪನ್ಮೂಲ ಸಾಲದೆ ಅವನ ಟೈಟನ್ ಗ್ರಹ ಹಾಳಾದದ್ದು ನಿಜವಾದ ನೋವು, ಸಾಕುಮಗಳು ಗಮೋರಾಳನ್ನು ಬಲಿಕೊಡುವಾಗ ಅವನು ಅಳುವುದೂ ನಿಜ. ಆದರೆ 'ಎಂಡ್‌ಗೇಮ್' (2019) ಚಿತ್ರದಲ್ಲಿ, ಉಳಿದವರು ಕಳೆದುಕೊಂಡದ್ದನ್ನೇ ನೆನೆಯುತ್ತಿದ್ದಾರೆಂದು ತಿಳಿದಾಗ, ಇಡೀ ವಿಶ್ವವನ್ನೇ ಅಳಿಸಿ ತನಗೆ ಕೃತಜ್ಞವಾಗಿರುವ ಹೊಸದೊಂದನ್ನು ಸೃಷ್ಟಿಸಲು ಅವನು ನಿರ್ಧರಿಸುತ್ತಾನೆ. ಅವನಿಗೆ ಬೇಕಾದದ್ದು ಸಮತೋಲನವಲ್ಲ, ತಾನು ಸರಿ ಎನ್ನಿಸಿಕೊಳ್ಳುವುದು.

ಖಳನ ನೋವನ್ನು ಚಿತ್ರದಲ್ಲಿ ಎಲ್ಲಿ ಇಡಬೇಕೆಂಬುದನ್ನು ನಾನು ಕಲಿತದ್ದು 'ಸಿವಿಲ್ ವಾರ್' (2016) ಚಿತ್ರದ ಜೀಮೊನಿಂದ. ಅವನು ಆಗಾಗ ಫೋನಿನಲ್ಲಿ ಹೆಂಡತಿಯ ದನಿ ಕೇಳುತ್ತಾನೆ. ಆಕೆ ಎಲ್ಲೋ ಕಾಯುತ್ತಿದ್ದಾಳೆಂದು ನಾವು ಭಾವಿಸಿರುತ್ತೇವೆ. ಅದು ಸೊಕೋವಿಯಾ ಎಂಬ ದೇಶದಲ್ಲಿ ಸೂಪರ್‌ಹೀರೊಗಳು ನಡೆಸಿದ ಕಾಳಗದಲ್ಲಿ ಸತ್ತವಳ ಹಳೆಯ ಸಂದೇಶವೆಂಬುದು ತಿಳಿಯುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಆ ಸಾವುಗಳನ್ನು ಚಿತ್ರ ತೋರಿಸುವುದೇ ಇಲ್ಲ. ಕಾರಿನ ಕಿಟಕಿಯಿಂದ ಐರನ್ ಮ್ಯಾನ್ ಕಾಣುತ್ತಾನೆಂದು ಮಗ ಸಂಭ್ರಮಿಸಿದ್ದನ್ನು ಅವನ ಬಾಯಿಂದಲೇ ಕೇಳುತ್ತೇವೆ, ಆಮೇಲೆ ಅವನು ಸಂದೇಶವನ್ನು ಅಳಿಸಿಹಾಕುತ್ತಾನೆ.

ಈಗ ನನ್ನ ಖಳನ ಪೂರ್ವಕಥೆಯನ್ನು ಮೊದಲು ಪೂರ್ತಿಯಾಗಿ ಬರೆದು, ಚಿತ್ರಕಥೆಗೆ ಅದರಿಂದ ಒಂದು ವಸ್ತುವನ್ನೋ ದನಿಯನ್ನೋ ಮಾತ್ರ ತೆಗೆದುಕೊಳ್ಳುತ್ತೇನೆ. ಫ್ಲ್ಯಾಶ್‌ಬ್ಯಾಕ್ ಬೇಕೇಬೇಕೆಂದು ನಿರ್ದೇಶಕರು ಪಟ್ಟು ಹಿಡಿದರೆ, ಖಳನು ತನ್ನ ದಾರಿಯಲ್ಲಿ ಹಿಂತಿರುಗಲಾರದಷ್ಟು ದೂರ ಹೋದ ನಂತರದ ದೃಶ್ಯದಲ್ಲೇ ಅದನ್ನು ಇಡುತ್ತೇನೆ. ಅದಕ್ಕೆ ಮೊದಲೇ ಬಂದರೆ ಪ್ರೇಕ್ಷಕನು ಅವನ ಕೃತ್ಯಗಳನ್ನು ತೂಗಿ ನೋಡುವ ಮುನ್ನವೇ ಕ್ಷಮಿಸಿಬಿಡುತ್ತಾನೆ.