ಬಿಸಿಲೇರಿದಾಗ ಮಾತ್ರ ಪಾರ್ಕಿನಲ್ಲಿ ಸಿಲುಕುತ್ತಿದ್ದ ಗೇರ್: ನನ್ನ ಅನುಭವ

ಬಳ್ಳಾರಿಯಲ್ಲಿ ನಾನು ವಾಹನಗಳ ವೈರಿಂಗ್ ಕೆಲಸ ಹಿಡಿದು ಹತ್ತೊಂಬತ್ತು ವರ್ಷಗಳಾದವು. ಹೋದ ವರ್ಷದ ಬೇಸಿಗೆಯಲ್ಲಿ, ಮೂರು ಕಡೆ ಕೈಚೆಲ್ಲಿದ ಒಂದು ಆಟೋಮ್ಯಾಟಿಕ್ ಕಾರಿನ ಗೇರ್ ಲಿವರನ್ನು ಎಂಟುನೂರು ರೂಪಾಯಿಗೂ ಕಡಿಮೆ ಸಾಮಾನಿನಲ್ಲಿ ಸರಿಪಡಿಸಿದೆ. ಆಗ ನಮ್ಮ ಸಾಲಿನ ಮೆಕ್ಯಾನಿಕ್‌ಗಳು ಬಿಸಿಲಿಗೂ ಗೇರಿಗೂ ಏನು ಸಂಬಂಧ ಎಂದು ಕೇಳಿದ್ದರು. ಈ ವರ್ಷದ ಏಪ್ರಿಲ್, ಮೇ ಎರಡೂ ದಾಟಿದ ಮೇಲೂ ಆ ಗಾಡಿ ಒಮ್ಮೆಯೂ ಸಿಲುಕಿಕೊಂಡಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ 2011ರ ಮಾದರಿಯ ಪೆಟ್ರೋಲ್ ಸೆಡಾನ್. ಮಾಲೀಕರು ನಿವೃತ್ತ ಉಪನ್ಯಾಸಕರು. "ಮುಂಜಾನೆ ಏನೂ ತಕರಾರಿಲ್ರೀ, ಮಧ್ಯಾಹ್ನ ಎರಡು ಗಂಟೆ ಆತಂದ್ರ ಹಠ ಹಿಡೀತದ ನೋಡ್ರಿ" ಎಂದು ಅವರು ಹೇಳಿದ ಮಾತಿನಲ್ಲೇ ಉತ್ತರವಿತ್ತು. ಅದು ನನಗೆ ಹೊಳೆಯಲು ಹದಿನೈದು ದಿನ ಬೇಕಾಯಿತು. ಆಟೋಮ್ಯಾಟಿಕ್ ಗಾಡಿಯ ಲಿವರ್ ಪಾರ್ಕಿನಲ್ಲಿದ್ದಾಗ ಒಂದು ಲಾಕ್ ಅದನ್ನು ಹಿಡಿದಿರುತ್ತದೆ, ಬ್ರೇಕ್ ಒತ್ತಿದಾಗ ಅದು ಬಿಡಬೇಕು. ಇಲ್ಲಿ ಬ್ರೇಕ್ ಒತ್ತಿದರೂ ಲಿವರಿನ ಗುಂಡಿ ಒಳಗೆ ಹೋಗುತ್ತಿರಲಿಲ್ಲ. ಅವರು ಏಳೆಂಟು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ಸ್ಕ್ರೂಡ್ರೈವರ್ ಇಟ್ಟುಕೊಂಡು, ಲಿವರಿನ ಪಕ್ಕದ ಲಾಕ್ ಬಿಡಿಸುವ ಕಿಂಡಿಗೆ ಅದನ್ನು ತೂರಿಸಿ ಗಾಡಿ ಹೊರಡಿಸುತ್ತಿದ್ದರು. ಕಿಂಡಿಯ ಮುಚ್ಚಳ ಎಂದೋ ಕಳೆದುಹೋಗಿತ್ತು. ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಕೆರೆದು ಕೆರೆದು ಬೆಳ್ಳಗಾಗಿತ್ತು.

ನನಗಿಂತ ಮುಂಚೆ ಒಂದು ಸರ್ವಿಸ್ ಸೆಂಟರಿನವರು ಇಡೀ ಲಿವರ್ ಅಸೆಂಬ್ಲಿ ಬದಲಿಸಬೇಕೆಂದು ಸುಮಾರು 26,000 ರೂಪಾಯಿ ಅಂದಾಜು ಕೊಟ್ಟಿದ್ದರು. ಅವರು ಪರೀಕ್ಷಿಸಿದ್ದು ಬೆಳಿಗ್ಗೆ, ಶೆಡ್ಡಿನ ನೆರಳಿನಲ್ಲಿ. ಇನ್ನೊಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಿಸಿ ನಾಲ್ಕೂವರೆ ಸಾವಿರ ತೆಗೆದುಕೊಂಡಿದ್ದರು. ಗುಂಡಿಯೇ ಒತ್ತದಿರುವಾಗ ಆಯಿಲ್ ಏನು ಮಾಡೀತು? ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ನಿಲ್ಲಿಸಿದಾಗ ಗಾಡಿಯ ಭಾರವೆಲ್ಲ ಪಾರ್ಕಿಂಗ್ ಹಲ್ಲಿನ ಮೇಲೆ ಬಿದ್ದು ಲಿವರ್ ಬಿಗಿಯಾಗುವುದುಂಟು, ಆದರೆ ಆಗ ಗುಂಡಿ ಒತ್ತುತ್ತದೆ, ಲಿವರ್ ಮಾತ್ರ ಎಳೆಯಲು ಬರುವುದಿಲ್ಲ. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ಗಿರಾಕಿಯ ಹಣ ಹಾಳಾಗುತ್ತದೆ. ಮೂರನೆಯವರು ಲಿವರಿನ ಕೇಬಲ್ ಬಿಗಿ ಮಾಡಿ ಕಳುಹಿಸಿದ್ದರು. ಅದನ್ನು ಮತ್ತೆ ಅಳತೆಗೆ ತರಲು ನನ್ನ ಅರ್ಧ ದಿನ ಹೋಯಿತು.

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಬ್ರೇಕ್ ಲೈಟ್ ಹತ್ತುತ್ತಿದ್ದುದರಿಂದ ಫ್ಯೂಸ್ ಮತ್ತು ಬ್ರೇಕ್ ಸ್ವಿಚ್ (ಪೆಡಲ್ ಒತ್ತಿದಾಗ ಬ್ರೇಕ್ ಲೈಟಿಗೂ ಗೇರ್ ಲಾಕಿಗೂ ಕರೆಂಟ್ ಬಿಡುವ ಸ್ವಿಚ್) ಎರಡೂ ಸರಿಯಿವೆ ಎಂದು ತೀರ್ಮಾನಿಸಿದೆ. ಗೇರ್ ಲಾಕ್ ಬಿಡಿಸುವುದು ಸೊಲೆನಾಯ್ಡ್, ಅಂದರೆ ಕರೆಂಟ್ ಬಂದಾಗ ಕಡ್ಡಿಯೊಂದನ್ನು ಎಳೆಯುವ ತಂತಿಯ ಸುರುಳಿ. ಲಿವರಿನ ಸುತ್ತಲಿನ ಕನ್ಸೋಲ್ ಬಿಚ್ಚಿ, ಸೊಲೆನಾಯ್ಡಿಗೆ ತಂತಿ ಜೋಡಿಸುವ ಕಪ್ಲರ್ ಕಳಚಿ ಮೀಟರ್ ಇಟ್ಟಾಗ ಸಾಕಷ್ಟು ವೋಲ್ಟೇಜ್ ಕಾಣಿಸಿತು. ಕರೆಂಟ್ ಬರುತ್ತಿದೆ, ಸೊಲೆನಾಯ್ಡ್ ಎಳೆಯುತ್ತಿಲ್ಲ, ಆದ್ದರಿಂದ ಸೊಲೆನಾಯ್ಡೇ ಹಾಳು ಎಂದುಕೊಂಡು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆಯದೊಂದನ್ನು ತರಿಸಿದೆ. ಅದಕ್ಕೆ 2,200 ರೂಪಾಯಿ, ಬಸ್ಸಿನ ಪಾರ್ಸೆಲ್ಲಿಗೆ ನೂರೈವತ್ತು. ಹಾಕಿದ ದಿನ ಸಂಜೆ ಗಾಡಿ ಚೆನ್ನಾಗಿ ನಡೆಯಿತು. ಮರುದಿನ ಮಧ್ಯಾಹ್ನ ಎರಡೂವರೆಗೆ ನಮ್ಮೂರ ಗಾಂಧಿನಗರದ ಒಂದು ಬ್ಯಾಂಕಿನ ಮುಂದೆ ಮತ್ತೆ ಸಿಲುಕಿಕೊಂಡಿತು. ಆ ಹಣವನ್ನು ನಾನು ಗಿರಾಕಿಯಿಂದ ಕೇಳಲಿಲ್ಲ.

ಅಂದು ಗಾಡಿ ನಿಂತಲ್ಲಿಗೇ ಹೋದೆ. ಹೊರಗೆ 41 ಡಿಗ್ರಿಯ ಆಸುಪಾಸು ಬಿಸಿಲಿತ್ತು, ಕನ್ಸೋಲಿನ ಪ್ಲಾಸ್ಟಿಕ್ಕಿಗೆ ಕೈ ತಾಗಿಸಲು ಆಗುತ್ತಿರಲಿಲ್ಲ. ಇಂಜಿನ್ ಮತ್ತು ಏಸಿ ಚಾಲೂ ಇಟ್ಟು ಬ್ರೇಕ್ ಒತ್ತಿ ಕಿವಿಗೊಟ್ಟೆ. ಬೆಳಿಗ್ಗೆ ಸ್ಪಷ್ಟವಾಗಿ ಕೇಳುವ ಟಕ್ ಎಂಬ ಸದ್ದು ಇರಲಿಲ್ಲ. ಈ ಸಲ ಕಪ್ಲರ್ ಕಳಚದೆ, ಅದರ ಹಿಂಬದಿಯಿಂದಲೇ ತಂತಿಗೆ ಮೀಟರಿನ ಮೊನೆ ಮುಟ್ಟಿಸಿ ಅಳೆದೆ. (ಕನ್ಸೋಲ್ ಪೂರ್ತಿ ಬಿಚ್ಚದೆ ಅಲ್ಲಿಗೆ ಮೊನೆ ಮುಟ್ಟಿಸುವ ಉಪಾಯವೊಂದನ್ನು ನಾನೇ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.) ಬ್ಯಾಟರಿಯಲ್ಲಿ 13.6 ವೋಲ್ಟ್ ಇದ್ದದ್ದು ಸೊಲೆನಾಯ್ಡಿನ ಎರಡು ತುದಿಗಳ ನಡುವೆ 8.8 ಮಾತ್ರ ಇತ್ತು. ಕಪ್ಲರ್ ಕಳಚಿದಾಗ ಸೊಲೆನಾಯ್ಡಿಗೆ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಅದರ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಮೀಟರಿಗೆ ಪೂರ್ತಿಯಾಗಿ ಕಾಣಿಸುವುದಿಲ್ಲ. ಇದು ಎಲ್ಲರಿಗೂ ತಿಳಿದ ಮಾತು, ನನಗೂ ತಿಳಿದಿತ್ತು, ಆದರೂ ಅವಸರದಲ್ಲಿ ಅದನ್ನು ಮರೆತು ಎರಡು ಸಾವಿರಕ್ಕೂ ಹೆಚ್ಚು ಕಳೆದುಕೊಂಡಿದ್ದೆ.

ಬೆಳಿಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ವೋಲ್ಟೇಜ್ ಸಿಗುತ್ತಿತ್ತು. ಹಾಗಿದ್ದರೆ ಬೆಳಿಗ್ಗೆ ಎಳೆಯುವ ಸೊಲೆನಾಯ್ಡ್ ಮಧ್ಯಾಹ್ನ ಏಕೆ ಎಳೆಯುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಅಂದು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಮರುದಿನ ಮೊದಲಿನ ಸೊಲೆನಾಯ್ಡನ್ನು ಟೇಬಲ್ಲಿನ ಮೇಲಿಟ್ಟು, ವೋಲ್ಟೇಜ್ ಏರಿಳಿಸುವ ಪವರ್ ಸಪ್ಲೈಗೆ ಜೋಡಿಸಿದೆ. ಬೆಳಗಿನ ತಂಪಿನಲ್ಲಿ ಸುರುಳಿಯ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) 22 ಓಮ್‌ನಷ್ಟಿತ್ತು, 8.2 ವೋಲ್ಟಿಗೆ ಕಡ್ಡಿ ಟಕ್ ಎಂದು ಒಳಸರಿಯಿತು. ಆಮೇಲೆ ಮನೆಯಿಂದ ತಂದ ಹೇರ್ ಡ್ರೈಯರಿನಿಂದ ಅದನ್ನು ಅರವತ್ತು ಡಿಗ್ರಿಯವರೆಗೆ ಕಾಯಿಸಿದಾಗ ರೆಸಿಸ್ಟೆನ್ಸ್ 25ಕ್ಕೆ ಏರಿತು, ಕಡ್ಡಿ ಸರಿಯಲು 9.3 ವೋಲ್ಟ್ ಬೇಕಾಯಿತು. ತಾಮ್ರದ ತಂತಿ ಬಿಸಿಯಾದಂತೆ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ರೆಸಿಸ್ಟೆನ್ಸ್ ಹೆಚ್ಚುತ್ತದೆ. ಮೂವತ್ತೈದು ಡಿಗ್ರಿಯ ಏರಿಕೆಗೆ ಲೆಕ್ಕ ಹಾಕಿದರೂ ಅದೇ ಅಂಕಿ ಬರುತ್ತದೆ. ಗಾಡಿಯಲ್ಲಿ ಸಿಗುತ್ತಿದ್ದ 8.8 ವೋಲ್ಟ್ ತಂಪಿನಲ್ಲಿ ಸಾಕಾಗುತ್ತಿತ್ತು, ಬಿಸಿಲಿನಲ್ಲಿ ಅರ್ಧ ವೋಲ್ಟ್ ಸಾಲದಾಗುತ್ತಿತ್ತು. ಟೇಬಲ್ಲಿನ ಮುಂದೆ ನಿಂತು ನೋಡುತ್ತಿದ್ದ ಪಕ್ಕದ ಗ್ಯಾರೇಜಿನ ಮೇಸ್ತ್ರಿಯವರಿಗೆ ಡ್ರೈಯರ್ ಹಿಡಿದು ಮೂರು ಸಲ ತೋರಿಸಿದೆ. ಆ ಮೇಲೆ ಅವರು ಬಿಸಿಲಿನ ಮಾತು ಎತ್ತಲಿಲ್ಲ.

ಇನ್ನು ಉಳಿದದ್ದು ಕಳೆದುಹೋದ ಐದು ವೋಲ್ಟಿನ ಜಾಡು ಹಿಡಿಯುವುದು. ಈ ಗಾಡಿಯಲ್ಲಿ ಬ್ರೇಕ್ ಸ್ವಿಚ್ಚಿನಿಂದಲೇ ನೇರವಾಗಿ ಸೊಲೆನಾಯ್ಡಿಗೆ ಕರೆಂಟ್ ಹೋಗುತ್ತದೆ. ನಡುವೆ ಕಂಟ್ರೋಲ್ ಯೂನಿಟ್ ಇರುವ ಗಾಡಿಗಳಲ್ಲಿ ಲೆಕ್ಕ ಬೇರೆ. ಪೆಡಲ್ ಒತ್ತಿ ಹಿಡಿಸಿ ಸ್ವಿಚ್ಚಿನ ಎರಡು ಕಾಲುಗಳ ನಡುವೆ ಅಳೆದಾಗ 2.6 ವೋಲ್ಟ್ ಸಿಕ್ಕಿತು. ಕನ್ಸೋಲಿನ ಅಡಿಯ ಅರ್ಥಿಂಗ್ ಸಾಕೆಟ್ಟಿನಲ್ಲಿ, ಅಂದರೆ ಕರೆಂಟ್ ಗಾಡಿಯ ತಗಡಿಗೆ ಮರಳುವ ಜೋಡಣೆಯಲ್ಲಿ, 1.4. ಉಳಿದದ್ದು ಅಲ್ಲಿ ಇಲ್ಲಿ ಹಂಚಿಹೋಗಿತ್ತು. ಬ್ರೇಕ್ ಲೈಟ್ ಹತ್ತುತ್ತಿತ್ತಲ್ಲ ಎಂದರೆ, ಹೌದು, ಹತ್ತುತ್ತಿತ್ತು. ಆದರೆ ಕತ್ತಲಾದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ನೋಡಿದಾಗ ಬೆಳಕು ಕೆಂಪಗಿರದೆ ಕಂದಿದ ಇಟ್ಟಿಗೆಯ ಬಣ್ಣಕ್ಕಿತ್ತು. ಹಗಲಿನಲ್ಲಿ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. 21 ವ್ಯಾಟಿನ ಎರಡು ಬಲ್ಬುಗಳ ಕರೆಂಟನ್ನು ಹದಿಮೂರು ವರ್ಷ ಹೊತ್ತ ಸ್ವಿಚ್ ಅದು. ಬಿಚ್ಚಿ ನೋಡಿದರೆ ಒಳಗೆ ಕರೆಂಟ್ ಕೂಡಿಸುವ ಲೋಹದ ಬಿಂದು ಸುಟ್ಟು ಕರಿಕಟ್ಟಿತ್ತು, ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಹಳದಿಗಟ್ಟಿತ್ತು.

ಹೊಸ ಸ್ವಿಚ್ ತರಿಸುವ ಮುಂಚೆ ಎರಡು ಪ್ರಯೋಗ ಮಾಡಿದೆ. ಮೊದಲನೆಯದಾಗಿ ಹಳೆಯ ಸ್ವಿಚ್ಚಿನ ಬಿಂದುಗಳನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ ಮತ್ತೆ ಹಾಕಿದೆ. ಸ್ವಿಚ್ಚಿನಲ್ಲಿ ಕಳೆದುಹೋಗುತ್ತಿದ್ದದ್ದು 0.3 ವೋಲ್ಟಿಗೆ ಇಳಿದದ್ದು ನೋಡಿ ಬಹಳ ಸಂತೋಷವಾಯಿತು, ಆದರೆ ಹತ್ತು ಹನ್ನೊಂದು ದಿನಕ್ಕೆ ಮತ್ತೆ ಒಂದೂವರೆ ವೋಲ್ಟ್ ದಾಟಿತು. ಮೇಲಿನ ಬೆಳ್ಳಿಯ ಲೇಪ ಉಜ್ಜಿಹೋದ ಮೇಲೆ ಬಿಂದು ಬಹಳ ದಿನ ಬಾಳುವುದಿಲ್ಲ. ಎರಡನೆಯದಾಗಿ, ಬಲ್ಬುಗಳ ಭಾರ ಸ್ವಿಚ್ಚಿನ ಮೇಲೆ ಬೀಳದಿರಲೆಂದು ನಡುವೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಕೂರಿಸಿದೆ. ಸ್ವಿಚ್ಚಿನ ಕರೆಂಟ್ ಮೂರೂವರೆ ಆಂಪಿಯರಿನಿಂದ ಅರ್ಧ ಆಂಪಿಯರಿಗೆ ಇಳಿಯಿತು, ಗೇರ್ ಲಾಕ್ ಅತ್ಯುತ್ತಮವಾಗಿ ಕೆಲಸ ಮಾಡಿತು. ಆದರೂ ನಾಲ್ಕನೆಯ ದಿನ ಅದನ್ನು ಕಿತ್ತುಹಾಕಿದೆ, ಏಕೆಂದರೆ ಆ ರಿಲೇ ಕೈಕೊಟ್ಟರೆ ಬ್ರೇಕ್ ಲೈಟ್ ಪೂರ್ತಿ ಆರಿಹೋಗುತ್ತದೆ, ಹಿಂದೆ ಬರುವ ಲಾರಿಯವನಿಗೆ ಏನೂ ಕಾಣುವುದಿಲ್ಲ. ಗೇರ್ ಸಿಲುಕುವುದಕ್ಕಿಂತ ಅದು ನೂರು ಪಾಲು ಕೆಟ್ಟದ್ದು.

ಕೊನೆಗೆ ಹೊಸ ಸ್ವಿಚ್ಚನ್ನೇ ಹಾಕಿದೆ. ಬೆಲೆ ಆರುನೂರೈವತ್ತರ ಹತ್ತಿರ. ಅರ್ಥಿಂಗ್ ಸಾಕೆಟ್ಟಿನ ಪಿನ್ನುಗಳು ಹಸಿರುಗಟ್ಟಿದ್ದವು. ಅವನ್ನು ಕತ್ತರಿಸಿ ಹೊಸ ಲಗ್ ಹಾಕಿ, ತಂತಿಯನ್ನು ಬಣ್ಣ ಕೆರೆದ ತಗಡಿಗೆ ಬೋಲ್ಟ್ ಮಾಡಿದೆ. ಸೊಲೆನಾಯ್ಡಿನ ಕಡ್ಡಿಯನ್ನು ಒರೆಸಿ ಒಣದಾಗಿಯೇ ಬಿಟ್ಟೆ. ಅಲ್ಲಿ ಗ್ರೀಸ್ ಹಚ್ಚುವವರಿದ್ದಾರೆ, ಹಚ್ಚಿದರೆ ಧೂಳು ಹಿಡಿದು ಆರು ತಿಂಗಳಲ್ಲಿ ಅಂಟಾಗುತ್ತದೆ. ಹೊಸ ಸ್ವಿಚ್ಚನ್ನು ಪೆಡಲಿಗೆ ಎಷ್ಟು ಅಂತರದಲ್ಲಿ ಕೂರಿಸಿದೆ ಎಂಬುದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಆ ಅಳತೆ ಹಿಡಿಯಲು ಮೂರು ಗಾಡಿಗಳಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಈಗ ಸೊಲೆನಾಯ್ಡಿನಲ್ಲಿ 13.1 ವೋಲ್ಟ್ ಸಿಗುತ್ತಿದೆ. ಕೂಲಿಯೂ ಸೇರಿ ಬಿಲ್ 2,800 ಆಯಿತು. ಗುಜರಿಯ ಸೊಲೆನಾಯ್ಡ್ ಇನ್ನೂ ನನ್ನ ಕಪಾಟಿನಲ್ಲಿದೆ.

ಈ ಮೇ ತಿಂಗಳಲ್ಲಿ ಉಪನ್ಯಾಸಕರನ್ನು ನಾನೇ ಕರೆಸಿ, ಮಧ್ಯಾಹ್ನ ಮೂರು ಗಂಟೆಯವರೆಗೆ ಗಾಡಿಯನ್ನು ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿ, ಇಪ್ಪತ್ತು ಸಲ ಪಾರ್ಕಿನಿಂದ ಡ್ರೈವಿಗೆ ಹಾಕಿ ತೆಗೆದೆ. ಇಪ್ಪತ್ತೂ ಸಲ ಟಕ್ ಎಂದಿತು. ಅದಾದ ಮೇಲೆ ಇದೇ ಅಳತೆಯನ್ನು ಬೇರೆ ಐದಾರು ಹಳೆಯ ಆಟೋಮ್ಯಾಟಿಕ್‌ಗಳಲ್ಲೂ ತೆಗೆದಿದ್ದೇನೆ. ಎರಡರಲ್ಲಿ ಸ್ವಿಚ್ಚಿನಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಹೋಗುತ್ತಿದೆ, ಮಾಲೀಕರಿಗೆ ಇನ್ನೂ ತೊಂದರೆ ಗೊತ್ತಾಗಿಲ್ಲ. ಅವರಲ್ಲಿ ಒಬ್ಬರು ಸ್ವಿಚ್ ಬದಲಿಸಲು ಒಪ್ಪಿದ್ದಾರೆ. ಉಪನ್ಯಾಸಕರ ಗಾಡಿಯ ಕಿಂಡಿಗೆ ಮುಚ್ಚಳವೊಂದು ಬಾಕಿ ಇದೆ, ತೊಂಬತ್ತು ರೂಪಾಯಿ ಕೊಟ್ಟು ಹೇಳಿಟ್ಟಿದ್ದೇನೆ, ಇನ್ನೂ ಬಂದಿಲ್ಲ.