ಹಿಮ ಬೀಳುವ ಊರಿನ ಹಿತ್ತಲಲ್ಲಿ ಲ್ಯಾವೆಂಡರ್ ಬೆಳೆಯುವುದು

ಅಮೆರಿಕದ ಮಿನ್ನೆಸೋಟ, ಕೆನಡಾದ ಒಂಟಾರಿಯೊ ಕಡೆ ಲ್ಯಾವೆಂಡರ್ ಎಂಬ ಪರಿಮಳದ ಹೂಗಿಡ ಸತ್ತರೆ ಎಲ್ಲರೂ ಚಳಿಯನ್ನೇ ದೂರುತ್ತಾರೆ. ಬಹಳಷ್ಟು ಸಲ ಗಿಡವನ್ನು ಕೊಲ್ಲುವುದು ಚಳಿಗಾಲದ ತೇವ. ಜೇಡಿಮಣ್ಣಲ್ಲಿ ನಿಂತ ನೀರಿಗೆ ಬೇರು ಕೊಳೆಯುತ್ತದೆ. ಮಣ್ಣು ಹೆಪ್ಪುಗಟ್ಟಿ ಕರಗುವಾಗ ಉಬ್ಬಿ, ಎಳೆ ಗಿಡವನ್ನು ಬುಡಸಮೇತ ಮೇಲೆತ್ತುವುದೂ ಉಂಟು. ಆದ್ದರಿಂದ ಗಿಡ ತರುವ ಮೊದಲೇ ಜಾಗ ಸಿದ್ಧವಾಗಿರಲಿ.

ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳುವ ಕಡೆ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ನಾಲ್ಕೈದು ಗಂಟೆಯಾದರೂ ನಿಂತೇ ಇದ್ದರೆ 20ರಿಂದ 30 ಸೆಂ.ಮೀ. ಎತ್ತರದ ದಿಬ್ಬ ಮಾಡಿ, ಮಣ್ಣಿಗೆ ಮೂರನೇ ಒಂದು ಭಾಗ ಸಣ್ಣ ಜಲ್ಲಿ ಬೆರೆಸಿ. ಜೇಡಿಮಣ್ಣಿಗೆ ನುಣುಪು ಮರಳು ಸುರಿಯಬೇಡಿ, ಎರಡೂ ಸೇರಿ ಗಟ್ಟಿಯಾಗಿಬಿಡುತ್ತವೆ. ಮಣ್ಣಿನ ಹುಳಿಯ ಅಳತೆಯಾದ ಪಿಎಚ್ 6.5ರಿಂದ 7.5ರ ನಡುವೆ ಇರಬೇಕು. ಮಣ್ಣು ಹುಳಿ ಎಂದು ಪರೀಕ್ಷೆಯಲ್ಲಿ ತಿಳಿದರೆ ಮಾತ್ರ ಸುಣ್ಣ ಹಾಕಿ.

ತಳಿಯಲ್ಲಿ ರಾಜಿ ಬೇಡ. ಇಂಗ್ಲಿಷ್ ಲ್ಯಾವೆಂಡರಿನ ‘ಮನ್‌ಸ್ಟೆಡ್’, ‘ಹಿಡ್‌ಕೋಟ್’ ಚಳಿಗೆ ತಕ್ಕಂತೆ ಊರುಗಳನ್ನು ವಿಂಗಡಿಸುವ ಅಮೆರಿಕದ ವಲಯಪಟ್ಟಿಯಲ್ಲಿ ಝೋನ್ 5ರ ಚಳಿಯನ್ನು, ಅಂದರೆ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೆ, ತಡೆಯಬಲ್ಲವು. ಮಿಶ್ರತಳಿ ‘ಫಿನಾಮಿನಲ್’ ಕೂಡ ಒಳ್ಳೆಯದು. ಅಂಗಡಿಯಲ್ಲಿ ಕಣ್ಣಿಗೆ ಹಬ್ಬವಾಗುವ, ತುದಿಯಲ್ಲಿ ಮೊಲದ ಕಿವಿಯಂಥ ದಳಗಳಿರುವ ಸ್ಪ್ಯಾನಿಷ್ ಲ್ಯಾವೆಂಡರ್ ಇಲ್ಲಿ ಹೊರಗೆ ಒಂದು ಚಳಿಗಾಲವನ್ನೂ ದಾಟದು.

ಕೊನೆಯ ಇಬ್ಬನಿಹೆಪ್ಪು ಕಳೆದ ಮೇಲೆ, ಮೇ ಕೊನೆಗೆ ನೆಡಿ. ಶರತ್ಕಾಲದಲ್ಲಿ ನೆಟ್ಟರೆ ಬೇರಿಳಿಯಲು ಸಮಯ ಸಾಲದು. ಗಿಡದಿಂದ ಗಿಡಕ್ಕೆ 45ರಿಂದ 60 ಸೆಂ.ಮೀ. ಅಂತರವಿರಲಿ, ಬುಡ ನೆಲಮಟ್ಟಕ್ಕಿಂತ ತುಸು ಮೇಲೇ ನಿಲ್ಲಲಿ. ಸುತ್ತ ಮರದ ತೊಗಟೆ ಹರಡಿದರೆ ತೇವ ಹಿಡಿಯುತ್ತದೆ, ಎರಡು ಸೆಂ.ಮೀ. ದಪ್ಪಕ್ಕೆ ಜಲ್ಲಿ ಹರಡಿ.

ತುಳಸಿಗೆ ದಿನಾ ನೀರೆರೆದು ರೂಢಿಯಾದ ಕೈಗೆ ಇಲ್ಲಿ ಕಡಿವಾಣ ಬೇಕು. ಮೊದಲ ಬೇಸಿಗೆಯಲ್ಲಿ ಮೇಲಿನ 5 ಸೆಂ.ಮೀ. ಮಣ್ಣು ಒಣಗಿದಾಗ ಮಾತ್ರ ನೀರು. ಮರುವರ್ಷದಿಂದ ಮಳೆ ಬಹಳ ದಿನ ಕೈಕೊಟ್ಟರೆ ಮಾತ್ರ. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ, ಹೂ ಕಡಿಮೆಯಾಗಿ, ಚಳಿಗೆ ಸೋಲುವ ಮೆದು ಚಿಗುರು ಬರುತ್ತದೆ.

ಹೂ ಮುಗಿದ ಕೂಡಲೇ ಹಸಿರು ಭಾಗದ ಮೂರನೇ ಒಂದರಷ್ಟು ಸವರಿ. ಎಲೆಯಿಲ್ಲದ ಹಳೆ ಕಟ್ಟಿಗೆಗೆ ಕತ್ತರಿ ತಾಗಿಸಿದರೆ ಅಲ್ಲಿಂದ ಚಿಗುರೊಡೆಯುವುದು ಅಪರೂಪ. ಆಗಸ್ಟ್ ಮಧ್ಯದ ನಂತರ ಸವರುವುದು ಬೇಡ.

ನೆಲ ಹೆಪ್ಪುಗಟ್ಟಿದ ಮೇಲೆ ಪೈನ್ ಕೊಂಬೆಗಳನ್ನು ಸಡಿಲವಾಗಿ ಹೊದಿಸಿ. ಉದುರಿದ ಎಲೆ ರಾಶಿ ಹಾಕಿದರೆ ಅದು ನೆನೆದು ಬುಡ ಕೊಳೆಯುತ್ತದೆ. ಬಿದ್ದ ಹಿಮವನ್ನು ಹಾಗೇ ಬಿಡಿ, ಅದೇ ಒಳ್ಳೆಯ ಹೊದಿಕೆ. ಆದರೆ ರಸ್ತೆಯ ಉಪ್ಪು ಬೆರೆತ ಹಿಮ ಗಿಡದ ಮೇಲೆ ಬೀಳದಿರಲಿ.

ವಸಂತದಲ್ಲಿ ಗಿಡ ಬೂದಿಬಣ್ಣವಾಗಿ ಸತ್ತಂತೆ ಕಂಡರೂ ಜೂನ್ ಮೊದಲ ವಾರದವರೆಗೆ ಕೀಳಬೇಡಿ. ಬುಡದಲ್ಲಿ ಹಸಿರು ಮೊಗ್ಗು ಕಂಡ ಮೇಲೆ, ಅದರ ಮೇಲಿನ ಒಣಗಿದ ತುದಿಗಳನ್ನಷ್ಟೇ ತೆಗೆಯಿರಿ.